ಕಿಣ್ವಗಳ ಕ್ರಿಯಾಸ್ಥಾನಸೂಚಿ: ಒಂದು ವಿಮರ್ಶೆ

ಪ್ರೋಟೀನಿನ ರಚನೆಯನ್ನು ಕಂಡ ಮಾತ್ರಕ್ಕೆ ಅದರ ಕಾರ್ಯವನ್ನು ಹೇಳಲಾಗದು. 1971ರಲ್ಲಿ ಏಳು ರಚನೆಗಳಿಂದ ಆರಂಭವಾದ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಇಂದು ಎರಡು ಲಕ್ಷಕ್ಕೂ ಮಿಕ್ಕಿ ರಚನೆಗಳಿವೆ. ಅವುಗಳಲ್ಲಿ ಹಲವುಗಳ ಕಾರ್ಯ ಇನ್ನೂ ಅಜ್ಞಾತ. ಈ ಕೊರತೆಯನ್ನು ನೀಗುವುದಕ್ಕೆ ನೆರವಾಗುವಂತೆ, ಕಿಣ್ವಗಳ ಕ್ರಿಯಾಸ್ಥಾನಗಳನ್ನು ಪಟ್ಟಿಮಾಡಿದ ‘ಕೆಟಲಿಟಿಕ್ ಸೈಟ್ ಅಟ್ಲಾಸ್’ 2004ರಲ್ಲಿ ಪ್ರಕಟವಾಯಿತು. ಇತಿಹಾಸದ ಅಧ್ಯಾಪಕರಾದ ನಾವು ಇದನ್ನು ವಿಮರ್ಶಿಸಲು ಹೊರಟುದು, ಇದರಲ್ಲಿ ಆಕರಪರೀಕ್ಷೆಯ ಪ್ರಶ್ನೆ ಅಡಗಿರುವುದರಿಂದ.

ಮೊದಲು ಗುಣವನ್ನು ಹೇಳಬೇಕು. ಕೈಮೋಟ್ರಿಪ್ಸಿನ್ ಪ್ರಾಣಿಗಳ ಜೀರ್ಣಕಿಣ್ವ, ಸಬ್ಟಿಲಿಸಿನ್ ಬ್ಯಾಕ್ಟೀರಿಯಾದ್ದು. ಇವುಗಳ ಒಟ್ಟು ಆಕಾರ ಬೇರೆಬೇರೆ. ಆದರೂ ಸೆರಿನ್, ಹಿಸ್ಟಿಡಿನ್, ಆಸ್ಪಾರ್ಟಿಕ್ ಆಮ್ಲ ಎಂಬ ಮೂರು ಘಟಕಗಳು ಎರಡರಲ್ಲಿಯೂ ಒಂದೇ ವಿನ್ಯಾಸದಲ್ಲಿ ನಿಂತು ಪ್ರೋಟೀನುಗಳನ್ನು ತುಂಡರಿಸುತ್ತವೆ. ಕ್ರಿಯಾಸ್ಥಾನವನ್ನೇ ಹೋಲಿಸುವವರಿಗೆ ಮಾತ್ರ ಈ ಸಾಮ್ಯ ಕಾಣುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ 2008ರಲ್ಲಿ ಹೊರಬಂದ ‘ಪಾಕೆಟ್‌ಮ್ಯಾಚ್’ ವಿಧಾನವೂ ಬಂಧನಸ್ಥಾನಗಳನ್ನು ಹೋಲಿಸುವ ಇಂತಹ ಪ್ರಯತ್ನವೇ.

ಆದರೆ ಅಟ್ಲಾಸಿನ ಮೊದಲ ಆವೃತ್ತಿಯಲ್ಲಿ ಮೂಲಲೇಖನಗಳನ್ನು ಓದಿ ಬರೆದ ನಮೂದುಗಳು 177. ಅನುಕ್ರಮದ ಹೋಲಿಕೆಯಿಂದ ಊಹಿಸಿ ಸೇರಿಸಿದವು 2608. ಎರಡನ್ನೂ ಸಂಪಾದಕರು ಬೇರ್ಪಡಿಸಿ ತೋರಿಸಿರುವುದು ಸ್ತುತ್ಯ. ಬಳಸುವವರು ಈ ಭೇದವನ್ನು ಮರೆತರೆ ಊಹೆಯೇ ಪ್ರಮಾಣವಾಗಿಬಿಡುವುದು. ಟ್ರಿಪ್ಸಿನ್ ಮತ್ತು ಕೈಮೋಟ್ರಿಪ್ಸಿನ್‌ಗಳಲ್ಲಿ ಆ ಮೂರು ಘಟಕಗಳು ಒಂದೇ. ಆದರೆ ಅವು ತುಂಡರಿಸುವ ಜಾಗಗಳು ಬೇರೆ. ಅದನ್ನು ನಿರ್ಣಯಿಸುವುದು ಬಹುಮಟ್ಟಿಗೆ ಪಕ್ಕದ ಕುಳಿಯ ತಳದಲ್ಲಿರುವ ಇನ್ನೊಂದು ಘಟಕ.

ನಮ್ಮ ವಿಜಯಪುರದ ಅಸಾರ್ ಮಹಲನ್ನೇ ನೋಡಬಹುದು. ಸುಮಾರು 1646ರಲ್ಲಿ ನ್ಯಾಯಸಭೆಗಾಗಿ ಕಟ್ಟಿದ ಆ ಭವನ ಮುಂದೆ ಪ್ರವಾದಿಯವರ ಪವಿತ್ರ ಅವಶೇಷಗಳ ನೆಲೆಯಾಯಿತು. ಕಂಬಗಳನ್ನು ಎಣಿಸಿದವರಿಗೆ ಈ ಬದಲಾವಣೆ ತಿಳಿಯದು. ದಾಖಲೆಯೇ ಅದನ್ನು ಹೇಳಬೇಕು.

ಇದು ಬರಿಯ ಪಂಡಿತಚರ್ಚೆಯಲ್ಲ. ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿ ಬೆಳೆಗಾರರು ‘ಡೌನಿ’ ಎನ್ನುವ ರೋಗದ ಸೂಕ್ಷ್ಮಜೀವಿಯಲ್ಲಿ, ಸೈಟೋಕ್ರೋಮ್ ಬಿ ಎಂಬ ಪ್ರೋಟೀನಿನ 143ನೆಯ ಸ್ಥಾನದ ಗ್ಲೈಸಿನ್ ಅಲಾನಿನ್ ಆಗಿ ಮಾರ್ಪಟ್ಟರೆ ಸಾಕು, ಅಜಾಕ್ಸಿಸ್ಟ್ರೋಬಿನ್ ವರ್ಗದ ಔಷಧಿ ನಾಟುವುದಿಲ್ಲ. ಪ್ರೋಟೀನು ಮಾತ್ರ ತನ್ನ ಕೆಲಸವನ್ನು ನಡೆಸುತ್ತಲೇ ಇರುತ್ತದೆ. ‘ಬಹುಮಟ್ಟಿಗೆ ಹೋಲುತ್ತದೆ’ ಎಂಬ ಮಾತಿನ ಬೆಲೆಯನ್ನು ಇಲ್ಲಿ ತೆರುವವನು ರೈತ.

2018ರಲ್ಲಿ ಅಟ್ಲಾಸು ‘ಮೇಸಿ’ ಎಂಬ ಕೋಶದೊಡನೆ ಕೂಡಿ, ಕ್ರಿಯೆಯ ಹಂತಗಳನ್ನೂ ಒಳಗೊಂಡಿತು. ಇದು ಸ್ವಾಗತಾರ್ಹ. ಆದರೂ ಸೂಚಿಯು ಶೋಧನೆಯ ಆರಂಭವೇ ಹೊರತು ತೀರ್ಪಲ್ಲ. ಪ್ರತಿಯೊಂದು ನಮೂದನ್ನೂ ಉದ್ಧರಿಸುವಾಗ ಅದು ಪ್ರಯೋಗಸಿದ್ಧವೋ ಅನುಮಿತವೋ ಎಂದು ಬರೆಯುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆಸಬೇಕೆಂಬುದು ನಮ್ಮ ಅಭಿಪ್ರಾಯ.