ಮೊದಲ ನಾಲ್ಕು ಕಿಲೋಮೀಟರಿನ ಡೀಸೆಲ್

ಮಾರುತಿ ಡಿಸೈರ್ ಡೀಸೆಲ್ ಲೀಟರಿಗೆ 28.4 ಕಿ.ಮೀ. ಕೊಡುತ್ತದೆ ಎಂಬ ಮಾತು ದೆಹಲಿ, ಗುರುಗ್ರಾಮ, ನೋಯ್ಡಾಗಳಲ್ಲಿ ಇನ್ನೂ ಚಲಾವಣೆಯಲ್ಲಿದೆ. ಕಂಪನಿ 2020ರ ಏಪ್ರಿಲ್‌ನಲ್ಲೇ ಡೀಸೆಲ್ ಕಾರುಗಳಿಗೆ ಕೈಮುಗಿಯಿತು. ರಾಜಧಾನಿ ವಲಯದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಓಡಾಟದ ನಿಷೇಧದ ಬಗ್ಗೆ ಹಸಿರು ನ್ಯಾಯಮಂಡಳಿ, ಸುಪ್ರೀಂ ಕೋರ್ಟುಗಳಲ್ಲಿ ಏನೇನಾಯಿತು ಎಂಬುದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಆದರೂ ಸೆಕೆಂಡ್ ಹ್ಯಾಂಡ್ ವ್ಯಾಪಾರದಲ್ಲಿ ಮೊದಲು ಬಾಯಿಗೆ ಬರುವುದು ಆ ಅಂಕಿಯೇ. ಅದರಲ್ಲಿ ಮೋಸವೇನಿಲ್ಲ. ರಾಜಧಾನಿಯ ದಿನನಿತ್ಯದ ಓಡಾಟಕ್ಕೆ ಅದು ಹೊಂದುವುದಿಲ್ಲ, ಅಷ್ಟೇ.

ಎಂಜಿನ್ನಿಗೆ ಸಲ್ಲಬೇಕಾದ ಹೊಗಳಿಕೆಯನ್ನು ಮೊದಲೇ ಸಲ್ಲಿಸಿಬಿಡಬಹುದು. ಡಿಸೈರ್‌ನಲ್ಲಿದ್ದ ಫಿಯೆಟ್‌ನ 1248 ಸಿ.ಸಿ. ಮಲ್ಟಿಜೆಟ್ ಒಳ್ಳೆಯ ಎಂಜಿನ್. ಮಾನೇಸರದಲ್ಲಿ ತಯಾರಾಗಿ ಸ್ವಿಫ್ಟ್‌ಗೆ ಕೂತಿತು, ಟಾಟಾ ವಿಸ್ಟಾದಲ್ಲೂ ಫಿಯೆಟ್ ಪುಂಟೋದಲ್ಲೂ ಓಡಿತು. ವಾಹನ ಪತ್ರಕರ್ತರು ಅದನ್ನು ರಾಷ್ಟ್ರೀಯ ಎಂಜಿನ್ ಎಂದೇ ಕರೆದರು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ ₹73.18, ಡೀಸೆಲ್ ₹40.91. ಇಷ್ಟು ಅಂತರವಿದ್ದಾಗ ಯಾರು ತಾನೇ ಬೇರೆ ಲೆಕ್ಕ ಹಾಕಿಯಾರು?

ಹಾಕಬೇಕಿದ್ದ ಲೆಕ್ಕ ಮೈಲೇಜ್ ಪರೀಕ್ಷೆಯ ಒಳಗೇ ಇತ್ತು. ಪರೀಕ್ಷೆ ನಡೆಯುವುದು ರಸ್ತೆಯಲ್ಲಲ್ಲ, ಪ್ರಯೋಗಾಲಯದ ರೋಲರುಗಳ ಮೇಲೆ. ಒಟ್ಟು 1180 ಸೆಕೆಂಡು, ಹತ್ತೂವರೆ ಕಿ.ಮೀ.ಗಿಂತ ತುಸು ಹೆಚ್ಚು ದೂರ. ಮೊದಲ ಭಾಗ ನಗರದ ಓಡಾಟದ ಅನುಕರಣೆ. 195 ಸೆಕೆಂಡಿನ ಒಂದೇ ಪಾಠವನ್ನು ಕಾರು ನಾಲ್ಕು ಸಲ ಒಪ್ಪಿಸಬೇಕು: ಗಂಟೆಗೆ 15 ಕಿ.ಮೀ. ವೇಗಕ್ಕೆ ಏರು, ನಿಲ್ಲು. 32ಕ್ಕೆ ಏರು, ನಿಲ್ಲು. 50ಕ್ಕೆ ಏರು, ನಿಲ್ಲು. ಹದಿಮೂರು ನಿಮಿಷದಲ್ಲಿ ಕ್ರಮಿಸುವುದು ಸುಮಾರು ನಾಲ್ಕು ಕಿ.ಮೀ. ಆಮೇಲಿನ 400 ಸೆಕೆಂಡು ಊರಾಚೆಯ ರಸ್ತೆಯ ನಕಲು, ಗರಿಷ್ಠ ವೇಗ 90. ದೂರ ಆರೂವರೆ ಕಿ.ಮೀ.ಯಷ್ಟು. ಎ.ಸಿ. ಬಂದ್. ಪರೀಕ್ಷೆಗೆ ಮುನ್ನ ಕಾರು ಗಂಟೆಗಟ್ಟಲೆ 20ರಿಂದ 30 ಡಿಗ್ರಿ ಸೆಲ್ಸಿಯಸ್ ಕೋಣೆಯಲ್ಲಿ ವಿಶ್ರಮಿಸಿರುತ್ತದೆ. ದೆಹಲಿಯ ಜನವರಿ ಬೆಳಗು ಏಳೆಂಟು ಡಿಗ್ರಿಯದು.

ತಣ್ಣಗಿರುವ ಎಂಜಿನ್ ಹೆಚ್ಚು ಕುಡಿಯುವುದು ಆ ಮೊದಲ ನಾಲ್ಕು ಕಿ.ಮೀ.ಯಲ್ಲಿ. ಆಯಿಲ್ ಮಂದವಾಗಿರುತ್ತದೆ, ಪಿಸ್ಟನ್, ಬೇರಿಂಗುಗಳ ತಿಕ್ಕಾಟಕ್ಕೇ ಒಂದಷ್ಟು ಡೀಸೆಲ್ ಹೋಗುತ್ತದೆ. ಕೂಲಂಟ್ ಬಿಸಿಯಾದ ಮೇಲೂ ಆಯಿಲ್ ಹಿಂದೆಯೇ ಉಳಿದಿರುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ನಡುವಿಗೆ ಬಂತೆಂದು ನಿರಾಳರಾಗುವವರಿಗೆ ಇದು ಕಾಣುವುದಿಲ್ಲ. ತಿಳಿವಳಿಕೆಗಾಗಿ ಒಂದು ಕಲ್ಪಿತ ಲೆಕ್ಕ. ಮೊದಲ ನಾಲ್ಕು ಕಿ.ಮೀ.ಯಲ್ಲಿ ಕಾರು ಲೀಟರಿಗೆ 16, ಉಳಿದ ಆರೂವರೆಯಲ್ಲಿ 33 ಕೊಟ್ಟಿತೆನ್ನಿ. ಸರಾಸರಿ 23ರ ಮೇಲೆ ನಿಲ್ಲುತ್ತದೆ, ಜಾಹೀರಾತಿಗೆ ಏರುವುದು ಅದೊಂದೇ. ಮುನಿರ್ಕಾದಿಂದ ಆರ್.ಕೆ. ಪುರಂನ ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಮೂರ್ನಾಲ್ಕು ಕಿ.ಮೀ. ಓಡಿಸಿ, ಮೂರು ತಾಸು ಕಾರು ಆರಿಸಿಟ್ಟು, ಚಳಿಯಲ್ಲಿ ಮತ್ತೆ ಸ್ಟಾರ್ಟ್ ಮಾಡಿ ಮನೆಗೆ ಮರಳುವವರ ಪಾಲಿಗೆ 16ರ ಆಚೆ ಪರೀಕ್ಷೆಯೇ ಇಲ್ಲ. ಯುರೋಪಿನಲ್ಲಿ ಇಂಥದೇ ಹಳೆಯ ಪರೀಕ್ಷೆ ಇದ್ದಾಗಲೂ ನಗರ, ಹೊರರಸ್ತೆ, ಒಟ್ಟು ಎಂದು ಮೂರು ಅಂಕಿ ಅಚ್ಚಾಗುತ್ತಿದ್ದವು.

ಇದರ ಮೇಲೆ ಉತ್ತರ ಭಾರತದ ಚಳಿಗಾಲದ ಆಚಾರವೊಂದು ಸೇರಿಕೊಂಡಿದೆ: ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ, ಚಹಾ ಮುಗಿಯುವವರೆಗೆ ನಿಂತಲ್ಲೇ 'ಗರಂ' ಮಾಡುವುದು. ಪೆಟ್ರೋಲ್ ಕಾರಿಗೂ ಇದು ದಂಡವೇ, ಡೀಸೆಲ್‌ಗಂತೂ ಅರ್ಥವೇ ಇಲ್ಲ. ನಿಂತ ಡೀಸೆಲ್ ಎಂಜಿನ್ ಗಾಳಿಯನ್ನು ತಡೆಯಿಲ್ಲದೆ ಎಳೆದುಕೊಳ್ಳುತ್ತದೆ, ಇಂಧನವನ್ನು ಚಿಟಿಕೆಯಷ್ಟೇ ಉರಿಸುತ್ತದೆ. ಹುಟ್ಟಿದ ಅಲ್ಪ ಶಾಖವೂ ಆ ಗಾಳಿಯೊಡನೆ ಹೊರಹೋಗುತ್ತದೆ. ಅದನ್ನು ಬಿಸಿ ಮಾಡುವ ದಾರಿ ಒಂದೇ, ಮೆಲ್ಲಗೆ ಓಡಿಸುವುದು. ಸಣ್ಣ ಡೀಸೆಲ್ ನಿಂತಲ್ಲೇ ಗಂಟೆಗೆ ಸುಮಾರು ಅರ್ಧ ಲೀಟರ್ ಕುಡಿಯುತ್ತದೆಂದು ಹಿಡಿದರೆ, ಹತ್ತು ನಿಮಿಷಕ್ಕೆ 80 ಮಿ.ಲೀ.ಗೂ ಹೆಚ್ಚು. ಮೇಲಿನ ನಾಲ್ಕು ಕಿ.ಮೀ.ಗೆ ಅದನ್ನು ಕೂಡಿಸಿದರೆ 16 ಇದ್ದದ್ದು 12ಕ್ಕೆ ಇಳಿಯುತ್ತದೆ. ಹಳೇ ಡೀಸೆಲ್‌ಗಳಲ್ಲಿ ಗ್ಲೋ ಪ್ಲಗ್ ಕಾಯುವವರೆಗೆ ಕೀಲಿ ಹಿಡಿದು ಕೂರಬೇಕಿತ್ತು. ಅದು ಸ್ಟಾರ್ಟ್ ಆಗುವ ಮುಂಚಿನ ಕಾಯುವಿಕೆ. ಕಾಮನ್ ರೈಲ್ ಇಂಧನ ವ್ಯವಸ್ಥೆ ಬಂದಮೇಲೆ ಅದೂ ಕೆಲವು ಸೆಕೆಂಡಿಗೆ ಇಳಿಯಿತು. ಆಚಾರ ಮಾತ್ರ ಉಳಿದಿದೆ, ಉಳಿಸಿದ್ದು ಎಂಜಿನ್ನಿನ ಕಾಳಜಿಗಿಂತ ಹೀಟರಿನ ಆಸೆ. 2020ರಲ್ಲಿ ದೆಹಲಿ ಸರ್ಕಾರ ಸಿಗ್ನಲ್ ಕೆಂಪಾದಾಗ ಎಂಜಿನ್ ಆರಿಸಿ ಎಂದು ಅಭಿಯಾನ ನಡೆಸಿತು. ಮನೆ ಮುಂದಿನ ಹತ್ತು ನಿಮಿಷ ಅದರ ಲೆಕ್ಕಕ್ಕೇ ಬರಲಿಲ್ಲ.

ಡೀಸೆಲ್‌ನ ಈ ಮೈಲೇಜ್ ಕೀರ್ತಿಯನ್ನು ಕಾರು ವಿಮರ್ಶಕರು ಪ್ರಶ್ನಿಸಬೇಕಿತ್ತು. ಅವರು ಮಾಡಿದ್ದೇನು? ಟ್ಯಾಂಕ್ ಫುಲ್ ಮಾಡಿಸಿ, ಗ್ರೇಟರ್ ನೋಯ್ಡಾದಿಂದ ಯಮುನಾ ಎಕ್ಸ್‌ಪ್ರೆಸ್‌ವೇ ಹತ್ತಿ, ಆಗ್ರಾ ಕಡೆಯ ಟೋಲ್ ಮುಟ್ಟಿ ಬಂದು, ಮತ್ತೆ ಟ್ಯಾಂಕ್ ತುಂಬಿಸಿ 'ಅಸಲಿ ಮೈಲೇಜ್' ಘೋಷಿಸಿದರು. ಒಂದು ದಿಕ್ಕಿಗೇ 165 ಕಿ.ಮೀ. ಇರುವ ಆ ದಾರಿಯಲ್ಲಿ ತಣ್ಣನೆಯ ಎಂಜಿನ್ನಿನ ಪಾಲು ಶೇ 3ರಷ್ಟೂ ಇರದು. ಪ್ರಯೋಗಾಲಯದ ಆ ಎಆರ್‌ಎಐ ಪರೀಕ್ಷೆಯನ್ನು ಕೃತಕವೆಂದು ಹಳಿಯುವವರೂ ಇವರೇ. ಕೃತಕವಾದರೂ ಆ ಪರೀಕ್ಷೆ ಎಂಜಿನ್ ತಣ್ಣಗಿರುವಾಗಲೇ ಶುರುವಾಗುತ್ತದೆ. ಇವರದು ಆ ಮಟ್ಟಿಗೂ ಬರಲಿಲ್ಲ. 'ದೆಹಲಿಯೇನು ಮಾಸ್ಕೋವೇ, ಇಲ್ಲೆಲ್ಲಿಯ ಚಳಿ' ಎನ್ನುವ ಇನ್ನೊಂದು ಬಣವಿದೆ. ಥರ್ಮೋಸ್ಟಾಟ್ ತೆರೆಯುವುದು 80 ಡಿಗ್ರಿ ದಾಟಿದ ಮೇಲೆ. ಏಳರಿಂದಲೋ ಇಪ್ಪತ್ತೈದರಿಂದಲೋ, ಅಲ್ಲಿಗೆ ಏರಲೇಬೇಕು; ಮೇ ತಿಂಗಳಲ್ಲೂ ಆ ಏರು ಇದ್ದೇ ಇದೆ, ಚಳಿಯಲ್ಲಿ ಉದ್ದವಾಗುತ್ತದೆ.

ಬಿಎಸ್-6 ಡೀಸೆಲ್‌ಗಳಲ್ಲಿ ಸಮಸ್ಯೆ ಇನ್ನೂ ಹೆಚ್ಚಿದೆ, ಅದರ ಚರ್ಚೆ ಮಾತ್ರ ಕಡಿಮೆಯಾಗಿದೆ. ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನು ಸುಟ್ಟು ಶುಚಿ ಮಾಡಿಕೊಳ್ಳಲು 600 ಡಿಗ್ರಿಯಷ್ಟು ಶಾಖ ಬೇಕು, ಅದಕ್ಕೆಂದೇ ಹೆಚ್ಚುವರಿ ಡೀಸೆಲ್ ಚಿಮ್ಮುತ್ತದೆ. ನಡುವೆ ಮಾರ್ಕೆಟ್ ಬಂತೆಂದು ಎಂಜಿನ್ ಆರಿಸಿದರೆ ಆ ಡೀಸೆಲ್ ದಂಡ. ಸ್ವಲ್ಪ ಆಯಿಲ್‌ಗೂ ಇಳಿಯುತ್ತದೆ, ಮುಂದಿನ ಸಲ ಮತ್ತೆ ಮೊದಲಿಂದ. ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರಿನ ದೀಪ ಹತ್ತಿದಾಗ ಒಂದೇ ವೇಗದಲ್ಲಿ ಕಾಲು ಗಂಟೆ ಓಡಿಸಿ ಎಂಬ ಕೈಪಿಡಿಯ ಸಲಹೆಯನ್ನು ಸಂಜೆ ಏಳರ ರಿಂಗ್ ರೋಡಿನಲ್ಲಿ ಪಾಲಿಸುವುದು ಹೇಗೋ, ಬರೆದವರೇ ಹೇಳಬೇಕು.

ಯುರೋಪು 2017ರಲ್ಲಿ ತಂದ ಡಬ್ಲ್ಯುಎಲ್‌ಟಿಪಿ ಪರೀಕ್ಷೆಯೇ ಇದಕ್ಕೆಲ್ಲ ಮದ್ದು ಎಂದು ಹೊಸ ವಿಮರ್ಶಕರ ವಾದ. ವೇಗದ ವಿಷಯದಲ್ಲಿ ಅದು ಹೆಚ್ಚು ಪ್ರಾಮಾಣಿಕ, ಒಪ್ಪಬಹುದು. ಆದರೆ ಅದರ ದೂರ 23 ಕಿ.ಮೀ.ಗೂ ಹೆಚ್ಚು, ಎಂದರೆ ತಣ್ಣನೆಯ ಎಂಜಿನ್ನಿನ ದುಂದು ಹಳೆಯದಕ್ಕಿಂತ ಎರಡು ಪಟ್ಟು ದೂರಕ್ಕೆ ಹಂಚಿ ತೆಳುವಾಗುತ್ತದೆ. ಈ ಕೊರತೆ ಅವರ ಬರಹಗಳಲ್ಲಿ ಕಾಣುವುದಿಲ್ಲ. ಆ ಪರೀಕ್ಷೆಯಲ್ಲಿ ಸಣ್ಣ ಓಡಾಟದವರ ಕೆಲಸಕ್ಕೆ ಬರುವುದು ಮೊದಲ ತುಣುಕು ಮಾತ್ರ: 589 ಸೆಕೆಂಡು, ಮೂರು ಕಿ.ಮೀ. ಚಿಲ್ಲರೆ. ಒಟ್ಟು ಸರಾಸರಿಯ ಪಕ್ಕದಲ್ಲಿ ಆ ತುಣುಕಿನ ಮೈಲೇಜನ್ನೂ ಷೋರೂಮಿನ ಕಾರಿನ ಗಾಜಿಗೆ ಅಂಟಿಸಿದರೆ, ಹತ್ತು ವರ್ಷದ ಗಡುವಿಗೆ ಹೆದರಿಯೂ ಡೀಸೆಲ್ ಕೊಳ್ಳಲು ಹೊರಟವರು ಮೊದಲು ಓದಬೇಕಾದ ಅಂಕಿ ಅದು.