ಗೌರಮ್ಮನ ಚಿತ್ರದ ಕೆಳಗೆ ಏನು ಬರೆಯಬೇಕು?

ಡೊಂಬಿವಲಿ ಎಂಐಡಿಸಿಯ ಮಿಲಾಪ್‌ನಗರದಲ್ಲಿ ನಾವು ಏಳೆಂಟು ಮಂದಿ ಕನ್ನಡದವರು ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರಿ ಪುಸ್ತಕ ಓದುತ್ತೇವೆ. ಕಳೆದ ಸಲ ಕೊಡಗಿನ ರಾಜನ ಕುರಿತ ಮಾಸ್ತಿಯವರ ಕಾದಂಬರಿ ‘ಚಿಕವೀರರಾಜೇಂದ್ರ’ ಮುಗಿಯಿತು. ಕಾರ್ಖಾನೆಗಳ ಘಾಟು ಜೋರಾಗಿದ್ದುದರಿಂದ ಕಿಟಕಿ ಮುಚ್ಚಿಕೊಂಡು ಕೂತಿದ್ದೆವು. ಕಾಫಿ ಬರುವ ಹೊತ್ತಿಗೆ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಹುಡುಗಿಯೊಬ್ಬಳು ಮೊಬೈಲ್ ಮುಂದೆ ಹಿಡಿದು, “ನೋಡಿ ಅಂಕಲ್, ಆ ರಾಜನ ಮಗಳು ಇವಳೇ” ಎಂದಳು. ಮೊಬೈಲ್ ಕೈಯಿಂದ ಕೈಗೆ ದಾಟಿತು. ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರು ಕನ್ನಡಕ ಏರಿಸಿ ನೋಡಿ, “ಎಷ್ಟ ಪುಣ್ಯಾ ಮಾಡಿದ್ಲೋ ನೋಡ್ರಿ, ರಾಣೀನೇ ತಾಯಿ ಆದ್ಲಲ್ಲ!” ಎಂದರು. ಚಿತ್ರದ ಕೆಳಗೆ ಯಾರೋ ಬರೆದಿದ್ದರು: ‘ವಿಕ್ಟೋರಿಯಾ ರಾಣಿ ದತ್ತು ತೆಗೆದುಕೊಂಡ ಕನ್ನಡ ನಾಡಿನ ಹೆಮ್ಮೆಯ ರಾಜಕುಮಾರಿ.’

ಆ ಒಂದು ಸಾಲಿನ ಮೇಲೆ ನನಗೆ ತಕರಾರಿದೆ. ಆ ಚಿತ್ರದಲ್ಲಿದ್ದ ಕೊಡಗಿನ ಗೌರಮ್ಮನ ಬಗ್ಗೆ ನಾವು ಸಾಮಾನ್ಯವಾಗಿ ಕೇಳುವುದು ಎರಡು ಕಥೆ. ಮೊದಲನೆಯದು ಹೆಮ್ಮೆಯದು: ನಮ್ಮ ಹುಡುಗಿ ಇಂಗ್ಲೆಂಡಿನ ಅತಿ ಎತ್ತರದ ಸಮಾಜದಲ್ಲಿ ಕಾಲೂರಿದಳು. ಎರಡನೆಯದು ಹಳಿಯುವುದು: ದುಡ್ಡಿನಾಸೆಗೆ ಅಪ್ಪ ಮಗಳನ್ನೇ ಪರಧರ್ಮಕ್ಕೆ ಒಪ್ಪಿಸಿದ. ಈ ಎರಡು ಕಥೆಗಳೂ ಒಂದು ವಿಷಯವನ್ನು ಮುಚ್ಚಿಡುತ್ತವೆ. ಆ ಸಂಸಾರದ ಆಸ್ತಿ ಆಗ ಯಾರ ಕೈಯಲ್ಲಿತ್ತು? ಇದನ್ನು ಕೇಳದೆ ಗೌರಮ್ಮನ ಕಥೆ ಹೇಳಲು ಬರುವುದಿಲ್ಲ.

ಕೊಡಗನ್ನು ಆಳಿದ ಹಾಲೇರಿ ಮನೆತನಕ್ಕೂ ಈಸ್ಟ್ ಇಂಡಿಯಾ ಕಂಪನಿಗೂ ಇದ್ದ ನಂಟು ಹಳೆಯದು. ದೊಡ್ಡ ವೀರರಾಜೇಂದ್ರ 1790ರಲ್ಲಿ ಟಿಪ್ಪುವಿನ ವಿರುದ್ಧ ಇಂಗ್ಲಿಷರ ಜೊತೆ ಒಪ್ಪಂದ ಮಾಡಿಕೊಂಡ. 1799ರಲ್ಲಿ ಬೊಂಬಾಯಿಯ ಸೈನ್ಯ ಕಣ್ಣೂರಿನಿಂದ ಶ್ರೀರಂಗಪಟ್ಟಣದ ಕಡೆ ನಡೆದದ್ದು ಕೊಡಗಿನ ದಾರಿಯಲ್ಲೇ. ಆ ನಂಬಿಕೆಯ ಮೇಲೆಯೇ ಅರಮನೆಯ ಹಣ ಕಂಪನಿಯ ಸಾಲಪತ್ರಗಳಲ್ಲಿ ತೊಡಗಿಸಲಾಗಿತ್ತು. ನಾವು ಇಂದು ಬ್ಯಾಂಕಿನಲ್ಲಿ ಠೇವಣಿ ಇಡುವ ಹಾಗೆ, ಹಣ ಕೊಟ್ಟು ಕಾಗದ ಪಡೆದು ಬಡ್ಡಿ ತಿನ್ನುವ ವ್ಯವಹಾರ ಅದು. 1834ರಲ್ಲಿ ಅದೇ ಕಂಪನಿ ಕೊಡಗಿನ ಮೇಲೆ ದಂಡೆತ್ತಿ ಬಂತು. ಚಿಕ್ಕ ವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಮೊದಲು ವೆಲ್ಲೂರಿಗೆ, ಆಮೇಲೆ ಕಾಶಿಗೆ ಸಾಗಿಸಿತು. ಸಾಲ ಮಾಡಿದವರೇ ಸಾಲ ಕೊಟ್ಟವನ ಮನೆಗೆ ನುಗ್ಗಿ, ರಾಜ್ಯದ ಜೊತೆಗೆ ಸಾಲದ ಕಾಗದವನ್ನೂ ಹೊತ್ತುಕೊಂಡು ಹೋದರು.

ಗೌರಮ್ಮ ಹುಟ್ಟಿದ್ದು ಆ ಕಾಶಿಯ ಗಡಿಪಾರಿನಲ್ಲಿ, 1841ರಲ್ಲಿ. ಅವಳು ಮಡಿಕೇರಿಯ ಅರಮನೆಯಲ್ಲಿ ಬೆಳೆದವಳಲ್ಲ. ಅಪ್ಪ ಸುಮ್ಮನೆ ಕೂರುವ ಮನುಷ್ಯನೂ ಅಲ್ಲ. ಇನ್ನೊಬ್ಬ ಮಗಳನ್ನು ನೇಪಾಳದ ಜಂಗ್ ಬಹದ್ದೂರನಿಗೆ ಕೊಟ್ಟು ಮದುವೆ ಮಾಡಿದ್ದ. 1852ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಅನುಮತಿ ಪಡೆದು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದ. ಹೇಳಿಕೊಂಡ ಕಾರಣ ಮಗಳ ವಿದ್ಯಾಭ್ಯಾಸ. ಮನಸ್ಸಿನಲ್ಲಿದ್ದದ್ದು ಆ ಸಾಲಪತ್ರಗಳು, ಅವುಗಳ ಹಣಕ್ಕಾಗಿ ಕಂಪನಿಯ ಮೇಲೆ ಹೂಡಬೇಕಾದ ದಾವೆ.

ಆ ಬೇಸಿಗೆಯಲ್ಲೇ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಹುಡುಗಿಗೆ ದೀಕ್ಷಾಸ್ನಾನವಾಯಿತು. ನೀರು ಚಿಮುಕಿಸಿದವರು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್, ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟವಳು ರಾಣಿ. ಇಲ್ಲಿ ಮೊದಲ ತಪ್ಪು ತಿದ್ದಬೇಕು: ಧರ್ಮಮಾತೆ ಆಗುವುದು ದತ್ತು ತೆಗೆದುಕೊಳ್ಳುವುದಲ್ಲ. ಗೌರಮ್ಮ ಅರಮನೆಯಲ್ಲಿ ಬೆಳೆಯಲಿಲ್ಲ, ಅಪ್ಪನ ಹತ್ತಿರವೂ ಬೆಳೆಯಲಿಲ್ಲ. ಮೊದಲು ಮೇಜರ್ ಡ್ರಮಂಡ್ ದಂಪತಿಯ ಮನೆ, ಆಮೇಲೆ ಸರ್ ಜೇಮ್ಸ್ ಹಾಗ್ ಅವರ ಮನೆ, ಮುಂದೆ ಲಾಗಿನ್ ದಂಪತಿಯ ಮನೆ. ಇವರಲ್ಲಿ ಹಾಗ್ ಯಾರು? ಈಸ್ಟ್ ಇಂಡಿಯಾ ಕಂಪನಿಗೆ ಎರಡು ಸಲ ಅಧ್ಯಕ್ಷನಾಗಿದ್ದವನು. ಅಪ್ಪ ಯಾರ ಮೇಲೆ ದಾವೆ ಹೂಡಿದ್ದನೋ ಆ ಕಂಪನಿಯ ಹಿರಿತಲೆಯ ಮನೆಯಲ್ಲೇ ಮಗಳು ಊಟ ಮಾಡಿ ಪಾಠ ಕಲಿಯಬೇಕಾಗಿತ್ತು. ಹೆಮ್ಮೆಯ ಕಥೆ ಹೇಳುವವರು ಈ ವಿವರವನ್ನು ಯಾಕೆ ಬಿಡುತ್ತಾರೆ?

ಅವತ್ತು ಮೊಬೈಲಿನಲ್ಲಿ ನೋಡಿದ್ದು ವಿಂಟರ್‌ಹಾಲ್ಟರ್ ಎಂಬ ಚಿತ್ರಕಾರ ಬಿಡಿಸಿದ ಚಿತ್ರ. 1854ರಲ್ಲಿ ಅವನು ಪಂಜಾಬಿನ ದುಲೀಪ್ ಸಿಂಗನನ್ನೂ ಬಿಡಿಸಿದ. ನಾನು ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಎಳೆಯ ಹುಡುಗಿ, ಮೈತುಂಬ ಭಾರತದ ಉಡುಗೆ ತೊಡುಗೆ, ಒಡವೆ. ಅವಳ ದೇವರು ಆಗಲೇ ಬದಲಾಗಿದ್ದ. ಹೆಸರು, ಮನೆ, ಮಾತು ಎಲ್ಲ ಇಂಗ್ಲಿಷ್ ಆಗಬೇಕೆಂದು ಪಾಠ ನಡೆದಿತ್ತು. ಚಿತ್ರಕ್ಕೆ ನಿಲ್ಲಿಸುವಾಗ ಮಾತ್ರ ಅವಳು ಪೂರ್ವದೇಶದ ರಾಜಕುಮಾರಿಯಾಗಿಯೇ ಕಾಣಬೇಕಾಗಿತ್ತು. ಸಮಾಜವೊಂದು ಹೊರಗಿನವರನ್ನು ತನ್ನೊಳಗೆ ಸೇರಿಸಿಕೊಂಡರೆ ಹೀಗೆ ನಿಲ್ಲಿಸುವುದಿಲ್ಲ. ಇದು ಒಳಗೆ ತಂದು ಗೋಡೆಗೆ ತೂಗುಹಾಕುವ ಕೆಲಸ.

ದಾವೆ ಏನಾಯಿತು? 1860ರಲ್ಲಿ ಲಂಡನ್ನಿನ ರೋಲ್ಸ್ ನ್ಯಾಯಾಲಯದ ಸರ್ ಜಾನ್ ರೊಮಿಲಿ ತೀರ್ಪು ಕೊಟ್ಟರು. ಕಂಪನಿ ಆ ಸಾಲಪತ್ರಗಳನ್ನು ವಶಪಡಿಸಿಕೊಂಡದ್ದು ಯುದ್ಧ ಮಾಡಿದ ಪ್ರಭುತ್ವದ ಅಧಿಕಾರದಲ್ಲಿ, ಅದನ್ನು ಪ್ರಶ್ನಿಸುವ ಅಧಿಕಾರ ನ್ಯಾಯಾಲಯಕ್ಕಿಲ್ಲ ಎಂಬುದು ಅದರ ಸಾರ. ಸಾಲ ಪಡೆಯುವಾಗ ವ್ಯಾಪಾರಿ, ತೀರಿಸುವಾಗ ದೊರೆ! ಆ ಹಣ ದೊಡ್ಡ ವೀರರಾಜೇಂದ್ರನ ಮಗಳಿಗೆ ಸೇರಬೇಕಿತ್ತೋ ಅವನ ತಮ್ಮನ ಮಗನಾದ ಚಿಕ್ಕ ವೀರರಾಜೇಂದ್ರನಿಗೋ ಎಂದು ಹಾಲೇರಿಯವರು ತಮ್ಮೊಳಗೆ ವಾದಿಸಬಹುದಿತ್ತು. ಕಂಪನಿಗೆ ಸೇರಿದ್ದಂತೂ ಅಲ್ಲ. ಈ ತೀರ್ಪು ಬರುವ ಮೊದಲೇ, 1859ರಲ್ಲಿ, ಚಿಕ್ಕ ವೀರರಾಜೇಂದ್ರ ಲಂಡನ್ನಿನಲ್ಲಿ ತೀರಿಕೊಂಡಿದ್ದ.

ಇದನ್ನು ಅಳೆಯಲು ಇನ್ನೊಂದು ಮನೆತನವನ್ನು ಪಕ್ಕದಲ್ಲಿಟ್ಟು ನೋಡೋಣ. ಅದೇ ಶತಮಾನದಲ್ಲಿ ಅಮೆರಿಕದ ಸಿರಿವಂತರೂ ಇಂಗ್ಲೆಂಡಿನ ದೊಡ್ಡ ಸಮಾಜಕ್ಕೆ ಬಂದರು. ಬ್ರೂಕ್ಲಿನ್ನಿನ ಜೆನ್ನಿ ಜೆರೋಮ್ 1874ರಲ್ಲಿ ಲಾರ್ಡ್ ರಾಂಡಲ್ಫ್ ಚರ್ಚಿಲನನ್ನು ಮದುವೆಯಾದಳು, ವಿನ್‌ಸ್ಟನ್ ಚರ್ಚಿಲನ ತಾಯಿಯಾದಳು. ರೈಲ್ವೆಯ ಕುಬೇರರ ಮಗಳು ಕಾನ್ಸ್ಯುಯೆಲೊ ವಾಂಡರ್‌ಬಿಲ್ಟ್ 1895ರಲ್ಲಿ ಮಾರ್ಲ್‌ಬರೊ ಡ್ಯೂಕನ ಕೈಹಿಡಿದಾಗ 25 ಲಕ್ಷ ಡಾಲರ್ ಬೆಲೆಯ ರೈಲ್ವೆ ಷೇರುಗಳು ಜೊತೆಗೆ ಬಂದವು. ವಿಲಿಯಂ ವಾಲ್ಡಾರ್ಫ್ ಆಸ್ಟರ್ 1891ರಲ್ಲಿ ನ್ಯೂಯಾರ್ಕ್ ಬಿಟ್ಟು ಬಂದ, 1893ರಲ್ಲಿ ಕ್ಲಿವ್‌ಡನ್ ಬಂಗಲೆ ಕೊಂಡ, 1899ರಲ್ಲಿ ಬ್ರಿಟಿಷ್ ಪ್ರಜೆಯಾದ, 1916ರಲ್ಲಿ ಬ್ಯಾರನ್ ಪದವಿ ಪಡೆದ. ಅವನ ಸೊಸೆ ನ್ಯಾನ್ಸಿ ಆಸ್ಟರ್ 1919ರಲ್ಲಿ ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಕುಳಿತ ಮೊದಲ ಹೆಂಗಸಾದಳು.

ಅವರ ಬದುಕೂ ಹೂವಿನ ಹಾಸಿಗೆಯಾಗಿರಲಿಲ್ಲ. ತಾಯಿಯ ಬಲವಂತಕ್ಕೆ ಕೊರಳೊಡ್ಡಿದ ಕಾನ್ಸ್ಯುಯೆಲೊ 1921ರಲ್ಲಿ ವಿಚ್ಛೇದನ ಪಡೆದಳು. ಆದರೆ ಅವಳಿಗೆ ಹೊರಗೆ ಬರುವ ದಾರಿ ಇತ್ತು, ಯಾಕೆಂದರೆ ತವರಿನ ಖಜಾನೆ ತವರಿನವರ ಕೈಯಲ್ಲೇ ಇತ್ತು. ಗೌರಮ್ಮನ ತವರಿನ ಖಜಾನೆಯ ಕೀಲಿ ಅವಳನ್ನು ಸಾಕುತ್ತಿದ್ದವರ ಕಡೆಯೇ ಇತ್ತು. ಅಮೆರಿಕದವರಿಗೆ ಹಣವಿತ್ತು, ಬಿರುದು ಬೇಕಾಗಿತ್ತು. ಕೊಡಗಿನವರಿಗೆ ಬಿರುದು ಇತ್ತು, ತಮ್ಮದೇ ಹಣ ವಾಪಸ್ ಬೇಕಾಗಿತ್ತು. ಇಬ್ಬರೂ ಕೂತದ್ದು ಒಂದೇ ದಿವಾನಖಾನೆಯಲ್ಲಿ. ಒಬ್ಬರು ಚೌಕಾಸಿ ಮಾಡುವ ಸ್ಥಿತಿಯಲ್ಲಿದ್ದರು, ಇನ್ನೊಬ್ಬರು ಕೊಟ್ಟದ್ದನ್ನು ತೆಗೆದುಕೊಳ್ಳುವ ಸ್ಥಿತಿಯಲ್ಲಿ. ಹಾಗಾಗಿ ದೊಡ್ಡ ಸಮಾಜದಲ್ಲಿ ನೆಲೆ ಸಿಕ್ಕಿತು ಎಂಬ ಮಾತು ಎರಡೂ ಕಡೆ ಒಂದೇ ಅರ್ಥ ಕೊಡುವುದಿಲ್ಲ.

ವಿಕ್ಟೋರಿಯಾಳ ಅಕ್ಕರೆ ನಿಜವೇ ಅಲ್ಲವೇ ಎಂದು ಓದುಗರು ಕೇಳಬಹುದು. ನಿಜವೇ ಇರಬೇಕು. ಆದರೆ ಆ ಅಕ್ಕರೆ ಎಲ್ಲಿಗೆ ಹೋಯಿತು ನೋಡಿ. ರಾಜ್ಯ ಕಳೆದುಕೊಂಡ ಇಬ್ಬರು ಮಕ್ಕಳು, ದುಲೀಪ್ ಸಿಂಗ್ ಮತ್ತು ಗೌರಮ್ಮ, ಒಬ್ಬರನ್ನೊಬ್ಬರು ಮದುವೆಯಾಗಲಿ ಎಂದು ರಾಣಿ ಬಯಸಿದಳು. ದುಲೀಪ್ ಒಪ್ಪಲಿಲ್ಲ. 1860ರಲ್ಲಿ ಗೌರಮ್ಮನ ಮದುವೆಯಾದದ್ದು ಲಾಗಿನ್ ಹೆಂಡತಿಯ ಸೋದರ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಜೊತೆ. ಅವನು ಅವಳಿಗಿಂತ ಸುಮಾರು 30 ವರ್ಷ ದೊಡ್ಡವನು. 1861ರಲ್ಲಿ ಎಡಿತ್ ಎಂಬ ಮಗಳು ಹುಟ್ಟಿದಳು. ರಾಣಿಯ ಪ್ರೀತಿ ನಿಜವಾಗಿದ್ದರೂ, ಹುಡುಗಿಯ ಬದುಕಿನ ನಿರ್ಧಾರಗಳು ಅವಳ ಕಾವಲುಗಾರರ ಸಂಸಾರದೊಳಗೇ ಸುತ್ತಿದವು.

ಹಾಗಾದರೆ ಅಪ್ಪ ನಿರಪರಾಧಿಯೇ? ಅಲ್ಲ. ಚಿಕ್ಕ ವೀರರಾಜೇಂದ್ರನ ಕ್ರೌರ್ಯವನ್ನು ತೊಳೆದು ಹಾಕುವ ಇರಾದೆ ನನಗಿಲ್ಲ. 1956ರಲ್ಲಿ ಬಂದ ಮಾಸ್ತಿಯವರ ಕಾದಂಬರಿ, ಅವರಿಗೆ 1983ರ ಜ್ಞಾನಪೀಠ ತಂದ ಕಾದಂಬರಿ, ದೊರೆಯೊಬ್ಬ ಕೆಟ್ಟು ನಾಡು ಕೆಡುವುದನ್ನು ಕನ್ನಡ ಮರೆಯದ ಹಾಗೆ ಬರೆದಿದೆ. ನನ್ನ ಮಾತು ಇಷ್ಟೇ: ಕೆಟ್ಟ ದೊರೆಯ ಹಣವನ್ನು ನುಂಗಿದವನು ಒಳ್ಳೆಯವನಾಗುವುದಿಲ್ಲ. ಮಗಳನ್ನು ದಾಳ ಮಾಡಿಕೊಂಡದ್ದು ಅಪ್ಪನ ತಪ್ಪು. ಬೇರೆ ದಾಳವೇ ಉಳಿಯದಂತೆ ಮಾಡಿದ್ದು ಕಂಪನಿಯ ತಪ್ಪು. ಮೊದಲನೆಯದನ್ನು ಕಾದಂಬರಿಯ ಓದುಗರಾದ ನಾವು ಚೆನ್ನಾಗಿ ಬಲ್ಲೆವು, ಎರಡನೆಯದನ್ನು ಕಲಿತಿಲ್ಲ. ಈ ನಡುವೆ ಗೌರಮ್ಮನ ಒಡವೆಯ ಪೆಟ್ಟಿಗೆ ಎಲ್ಲಿ ಹೋಯಿತು, ಕ್ಯಾಂಪ್‌ಬೆಲ್ ಹೇಗೆ ಕಣ್ಮರೆಯಾದ ಎಂಬ ರಹಸ್ಯಕಥೆಗೆ ಎಲ್ಲಿಲ್ಲದ ಬೇಡಿಕೆ. ಕಳುವಾದ ಒಡವೆಯ ಬಗ್ಗೆ ಇರುವುದು ಊಹೆ. ವಶವಾದ ಸಾಲಪತ್ರದ ಬಗ್ಗೆ ನ್ಯಾಯಾಲಯದ ದಾಖಲೆಯೇ ಇದೆ. ಅದನ್ನು ತೆರೆದು ಓದುವ ಕುತೂಹಲ ನಮಗೇಕಿಲ್ಲ?

ಡೊಂಬಿವಲಿಯಲ್ಲಿ ಕೂತು ಇದನ್ನು ಬರೆಯಲು ಕಾರಣವಿದೆ. ಇಲ್ಲಿ ನಾವೆಲ್ಲ ಬೇರೆ ನೆಲಕ್ಕೆ ಬಂದು ಸೇರಿಕೊಂಡವರು. ಎಂಐಡಿಸಿ, ಅಂದರೆ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ನಿವೇಶನ 95 ವರ್ಷದ ಲೀಸಿನ ಮೇಲೆ ಸಿಗುವುದು, ನೆಲದ ಒಡೆತನ ನಿಗಮದ್ದೇ. ಇಲ್ಲಿ ಮನೆ ನೋಡಲು ಬಂದವರು ಹಾಲ್ ಎಷ್ಟು ದೊಡ್ಡದು ಎಂದು ಹೊಗಳಿ ಹೋಗುವುದಿಲ್ಲ. ಕಾಗದ ತರಿಸಿ, ಲೀಸು ಇನ್ನೆಷ್ಟು ವರ್ಷ ಉಳಿದಿದೆ, ವರ್ಗಾವಣೆಗೆ ಯಾರ ಒಪ್ಪಿಗೆ ಬೇಕು ಎಂದು ಕೇಳುತ್ತಾರೆ. ನಮ್ಮ ಹುಬ್ಬಳ್ಳಿಯ ಹಿರಿಯರೂ ಮಗನಿಗೆ ಮನೆ ಕೊಳ್ಳುವಾಗ ಮೂರು ತಿಂಗಳು ಕಾಗದ ಪರೀಕ್ಷಿಸಿದವರೇ. ನೆಲೆ ಎಂದರೇನು ಎಂದು ಇಷ್ಟು ಚೆನ್ನಾಗಿ ತಿಳಿದ ನಾವು, ಚರಿತ್ರೆಯ ಮುಂದೆ ನಿಂತಾಗ ಮಾತ್ರ ದಿವಾನಖಾನೆಯ ಬೆಳಕಿಗೆ ಮರುಳಾಗಿ ಕಾಗದ ಕೇಳಲು ಮರೆಯುತ್ತೇವೆ.

ಆದ್ದರಿಂದ ಒಂದು ವಿನಂತಿ. ಆ ಚಿತ್ರವನ್ನು ಹಂಚಬೇಡಿ ಎಂದು ನಾನು ಹೇಳುವುದಿಲ್ಲ, ಹಂಚಿ. ಹೆಮ್ಮೆಯ ರಾಜಕುಮಾರಿ ಎಂಬ ಸಾಲನ್ನು ಮಾತ್ರ ತೆಗೆದುಬಿಡಿ. ಅದರ ಜಾಗದಲ್ಲಿ ಹೀಗೆ ಬರೆಯಿರಿ: ಕೊಡಗಿನ ಗೌರಮ್ಮ. ಹುಟ್ಟಿದ್ದು ಕಾಶಿಯ ಗಡಿಪಾರಿನಲ್ಲಿ, 1841. ತೀರಿಕೊಂಡದ್ದು ಕ್ಷಯದಿಂದ, 1864ರಲ್ಲಿ, 22ನೆಯ ವಯಸ್ಸಿಗೆ. ಮಣ್ಣಾದದ್ದು ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ. ಅವಳ ಮನೆತನ ಕಂಪನಿಗೆ ಕೊಟ್ಟ ಸಾಲ ವಾಪಸ್ ಬರಲಿಲ್ಲ.