ಸ್ಟ್ರಿಂಡ್‌ಬರ್ಗನ ‘ಗುಸ್ತಾವ್ ವಾಸಾ’

ಸ್ವೀಡನ್ನಿನ ಕವಿ ಆಗಸ್ಟ್ ಸ್ಟ್ರಿಂಡ್‌ಬರ್ಗನು ರಚಿಸಿ, 1899ರಲ್ಲಿ ಸ್ಟಾಕ್‌ಹೋಮಿನ ರಂಗವೇರಿದ ಈ ಐದಂಕದ ನಾಟಕಕ್ಕೆ ಆ ದೇಶದ ಸ್ವಾತಂತ್ರ್ಯವೀರನ ಹೆಸರಿದೆ. ಆದರೆ ಇದರಲ್ಲಿ ಸ್ವಾತಂತ್ರ್ಯಯುದ್ಧವಿಲ್ಲ. ವೀರರಸವನ್ನು ಬಯಸಿ ಬಂದ ಪ್ರೇಕ್ಷಕನಿಗೆ ನಿರಾಶೆಯೇ ಆದೀತು.

ಪೂರ್ವಕಥೆ ಇಷ್ಟು. 1397ರಲ್ಲಿ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ರಾಜ್ಯಗಳು ಕಾಲ್ಮಾರ್ ಒಕ್ಕೂಟವಾಗಿ ಒಂದೇ ಕಿರೀಟದಡಿಗೆ ಬಂದವು. 1520ರ ನವೆಂಬರಿನಲ್ಲಿ ಡೆನ್ಮಾರ್ಕಿನ ದೊರೆ ಎರಡನೆಯ ಕ್ರಿಶ್ಚಿಯನ್ನನು ಸ್ಟಾಕ್‌ಹೋಮಿನಲ್ಲಿ ಸ್ವೀಡನ್ನಿನ ಅನೇಕ ಪ್ರಮುಖರ ಶಿರಚ್ಛೇದ ಮಾಡಿಸಿದನು. ಅವರಲ್ಲಿ ಗುಸ್ತಾವನ ತಂದೆಯೂ ಒಬ್ಬನು. ಗುಸ್ತಾವನು ಡಾಲರ್ನಾ ಪ್ರಾಂತದ ರೈತರನ್ನೂ ಗಣಿಯವರನ್ನೂ ಮೊರೆಹೊಕ್ಕು ದಂಗೆಯೆದ್ದನು. ಲ್ಯೂಬೆಕ್ ನಗರದ ಹಡಗು ಮತ್ತು ಹಣದ ನೆರವಿನಿಂದ 1523ರ ಜೂನ್ 6ರಂದು ಅರಸನಾದನು. ಆ ಸಾಲವನ್ನು ತೀರಿಸಲು ಚರ್ಚುಗಳ ಗಂಟೆಗಳನ್ನೇ ಕೇಳಿದಾಗ, 1531ರಲ್ಲಿ ಅದೇ ಡಾಲರ್ನಾ ಅವನಿಗೆ ಎದುರುಬಿದ್ದಿತು.

ಕವಿಯು ಕಥೆಯನ್ನು ಹಿಡಿದಿರುವುದು ಈ ಗಂಟೆಗಳ ಎಡೆಯಲ್ಲಿ. ಅಂದು ಅನ್ನವಿತ್ತು ಕಾಪಾಡಿದವರ ಮನೆಗೇ ರಾಜಾಜ್ಞೆ ಬರುತ್ತದೆ. ಮೊದಲ ಅಂಕದ ಕೊನೆಗೆ ಮೂವರು ಮುಖಂಡರ ರಕ್ತಸಿಕ್ತ ಉಡುಪುಗಳು ಮೇಜಿನ ಮೇಲೆ ಬಂದು ಬೀಳುತ್ತವೆ. ವಧೆಯನ್ನು ರಂಗದ ಮೇಲೆ ತೋರಿಸಬಾರದೆಂಬುದು ನಮ್ಮ ನಾಟ್ಯಶಾಸ್ತ್ರದ ಕಟ್ಟಳೆ. ಅದನ್ನು ಅರಿಯದ ಕವಿಯೂ ಇಲ್ಲಿ ಅದನ್ನೇ ಪಾಲಿಸಿ, ಕಂಡುದಕ್ಕಿಂತ ಹೆಚ್ಚಿನ ಭಯವನ್ನು ಸಾಧಿಸಿದ್ದಾನೆ. ಅದಕ್ಕೂ ಮಿಗಿಲಾದುದು, ಎರಡು ಅಂಕಗಳು ಮುಗಿಯುವವರೆಗೂ ನಾಯಕನು ಕಾಣಿಸಿಕೊಳ್ಳುವುದೇ ಇಲ್ಲ. ಎಲ್ಲರ ಬಾಯಲ್ಲೂ ಅವನದೇ ಮಾತು. ಅವನು ಮಾತ್ರ ಇಲ್ಲ. ಮೂರನೆಯ ಅಂಕದಲ್ಲಿ ಬಂದವನು ರಾಕ್ಷಸನಲ್ಲ. ಸಾಲಗಾರನಿಗೂ ಪ್ರಜೆಗೂ ನಡುವೆ ಸಿಕ್ಕಿದ, ಕೋಪಿಷ್ಠನಾದ ಗೃಹಸ್ಥನು.

ಆ ಮುಖಂಡರು ಹತರಾದುದು 1534ರಲ್ಲಿ. ಕೊನೆಯ ಅಂಕಗಳಲ್ಲಿ ಅರಸನನ್ನು ನಡುಗಿಸುವ ಡಾಕೆಯ ದಂಗೆ ಎದ್ದುದು 1542ರಲ್ಲಿ. ಎರಡನ್ನೂ ಹೊಂದಿಸಿಟ್ಟುದನ್ನು ಚರಿತ್ರಕಾರನು ಒಪ್ಪಲಾರನು. ಆದರೆ ರಸಕ್ಕೆ ಒಗ್ಗದ ಇತಿವೃತ್ತವನ್ನು ಕವಿಯು ಮಾರ್ಪಡಿಸಬಹುದೆಂದು ಆನಂದವರ್ಧನನೇ ಸಮ್ಮತಿಸಿರುವಾಗ ಇದು ದೋಷವೆನಿಸದು. ದೋಷವಿರುವುದು ಯುವರಾಜ ಎರಿಕನ ಪಾನಶಾಲೆಯ ಪ್ರಸಂಗಗಳಲ್ಲಿ. ಅವು ಬೇಕಾದುದಕ್ಕಿಂತ ಉದ್ದವಾಗಿ ಪ್ರಧಾನಭಾವವನ್ನು ಸಡಿಲಿಸುತ್ತವೆ.

ಕೊನೆಯಲ್ಲಿ ಡಾಲರ್ನಾದವರು ಬರುತ್ತಿರುವರೆಂದು ತಿಳಿದ ಅರಸನು ಸೇಡಿಗೆ ಹೆದರಿ ಪಲಾಯನಕ್ಕೆ ಅಣಿಯಾಗುತ್ತಾನೆ. ಅವರು ಬಂದುದೋ ಅವನ ಸಹಾಯಕ್ಕೆ. ಇದನ್ನು ಸುಖಾಂತವೆಂದು ಕರೆಯುವವರು ಆ ಮೂರು ಉಡುಪುಗಳನ್ನು ಮರೆತಿರಬೇಕು. ತೀರದ ಋಣದ ಮೇಲೆ ಮತ್ತೊಂದು ಋಣ ಬಿದ್ದುದನ್ನು ಕಂಡೇ ಅರಸನ ತಲೆ ಬಾಗುತ್ತದೆ.